ಐತವಾರದ ಅಳಿಯ

ನಮ್ಮಲ್ಲಿ ಸಕ್ಕರೆ ಹಂಚಿ ಮಾತು ಗಟ್ಟಿಯಾದ ಮೇಲೆ ನಿಕಾಹ್ ಆಗುವ ತನಕ ಹುಡುಗ ಹುಡುಗಿಯ ಓಣಿಯಲ್ಲಿ ಸುಳಿಯಬಾರದು. ಆ ದಾರಿಯಲ್ಲೇ ಅವನಿಗೆ ಕೆಲಸ ಬಿದ್ದರೂ ಸುತ್ತು ಹಾಕಿಕೊಂಡು ಹೋಗಬೇಕು. ಹಬ್ಬಕ್ಕೆ ಬಟ್ಟೆ ಕೊಡುವುದಿದ್ದರೆ ಅವನ ಅವ್ವನೋ ಅಕ್ಕನೋ ತಂದು ಕೊಡಬೇಕು. ನನಗೆ ಗೊತ್ತು ಮಾಡಿದ ಹುಡುಗ ಮಾತ್ರ ಎಪ್ಪತ್ತೊಂದರ ಯುದ್ಧದ ದಿನಗಳಲ್ಲಿ ಪ್ರತಿ ಐತವಾರ ತಿಕೋಟಾದಿಂದ ಬಸ್ಸು ಹತ್ತಿ, ವಿಜಾಪುರದ ಜೋರಾಪುರ ಪೇಟೆಯ ನಮ್ಮ ಮನೆಗೆ ಬಂದು, ಗಾದಿಯ ಮೇಲೆ ಕೂತು ಚಹಾ ಕುಡಿದು ಹೋಗುತ್ತಿದ್ದರು. ಓಣಿಯವರು ಅವರಿಗೆ ‘ಐತವಾರದ ಅಳಿಯ’ ಎಂದು ಹೆಸರಿಟ್ಟಿದ್ದರು. ಗಂಡನ ಹೆಸರು ಹೇಳುವ ರೂಢಿ ನನಗಿಲ್ಲ, ಇಲ್ಲೂ ಹೇಳುವುದಿಲ್ಲ. ನಮ್ಮವರು ಎಂದಷ್ಟೇ ಅನ್ನುತ್ತೇನೆ.

ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ನಮಾಜು ಅರಬ್ಬಿಯಲ್ಲಿ, ಜಗಳ ಕನ್ನಡದಲ್ಲಿ. ಮನೆಯ ಮುಂದಿನ ಕೋಣೆ ಅಂಗಡಿ, ಅದರ ಹಿಂದಿನದು ಹತ್ತಿ ಕೋಣೆ, ಅದಕ್ಕೂ ಹಿಂದೆ ಅಡುಗೆಮನೆ. ಚಳಿಗಾಲ ಬರುವ ಮುಂಚೆ ಅಪ್ಪ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಇಟ್ಟಂಗಿಹಾಳ, ಸಾರವಾಡದ ಕಡೆ ಹೋಗಿ, ಜನರ ಮನೆ ಕಟ್ಟೆಯ ಮೇಲೆ ಕೂತು ಅವರ ಹಳೆಯ ಗಾದಿಗಳ ಹತ್ತಿ ಹಿಂಜಿ ಕೊಟ್ಟು ಬರುತ್ತಿದ್ದ. ಅವನ ರೆಪ್ಪೆ, ಮೀಸೆ, ಮೂಗಿನ ಹೊರಳೆ ಎಲ್ಲ ಬೆಳ್ಳಗೆ. ಸಾಲೆಯಲ್ಲಿ ನನ್ನ ಜಡೆಯಲ್ಲೂ ಹತ್ತಿ ಹುಡುಕಿ ತೆಗೆದು ನಗುವ ಹುಡುಗಿಯರಿದ್ದರು. ಅವರಲ್ಲೊಬ್ಬಳ ಕಿವಿ ಹಿಂಡಿ ನಾನು ಮಾಸ್ತರರಿಂದ ಏಟು ತಿಂದದ್ದೂ ಉಂಟು. ಕೋಪ ನನಗೆ ಬೇಗ ಬರುತ್ತದೆ. ಆದರೆ ಕೋಪ ಬರಬೇಕಾದ ಕಡೆ ಬಾರದೆ ನಾಚಿಕೆ ಬಂದು ಕೂತದ್ದು ಒಂದೇ ಸಲ, ಆ ಮಾತನ್ನೇ ಹೇಳಹೊರಟಿದ್ದೇನೆ.

ಅಪ್ಪನಿಗೆ ಒಬ್ಬಳೇ ತಂಗಿ. ಅವಳನ್ನು ಮುಂಬಯಿಯಲ್ಲಿ ರೇಲ್ವೆ ನೌಕರಿಯಲ್ಲಿದ್ದವನಿಗೆ ಕೊಟ್ಟಿದ್ದರು. ದೇಶ ಎರಡಾದಾಗ ಆ ಮನುಷ್ಯ ನೌಕರಿ ಬದಲಿ ಮಾಡಿಸಿಕೊಂಡು ಕರಾಚಿಗೆ ಹೋದ, ಅತ್ತೆಯೂ ಹೋದಳು. ಮೊದಲು ವರ್ಷಕ್ಕೆ ಒಂದೆರಡು ಪತ್ರ ಬರುತ್ತಿದ್ದವಂತೆ. ಅರವತ್ತೈದರ ಯುದ್ಧದ ಮೇಲೆ ಅವೂ ನಿಂತವು. ಆಗ ಯಾರೋ ಹಜ್‌ಗೆ ಹೋಗಿ ಬಂದವರು ಅತ್ತೆಯ ಮಾತೊಂದನ್ನು ತಂದರು: ಆ ಕಡೆಯ ರೇಡಿಯೋದಲ್ಲಿ ಸಂಜೆ ಕೇಳುಗರ ಇಷ್ಟದ ಹಾಡು ಹಾಕುತ್ತಾರೆ, ಹಾಡಿನ ಮುಂಚೆ ಕೇಳಿದವರ ಹೆಸರು ಓದುತ್ತಾರೆ, ನಾನು ಚೀಟಿ ಹಾಕುತ್ತಿರುತ್ತೇನೆ, ಹೆಸರು ಬಂದರೆ ಜೀವಂತ ಇದ್ದೇನೆಂದು ಅಣ್ಣ ತಿಳಿಯಲಿ. ಅಪ್ಪ ಟ್ರಾನ್ಸಿಸ್ಟರ್ ಕೊಂಡದ್ದು ಆ ಒಂದು ಹೆಸರಿನ ಸಲುವಾಗಿ. ಪೋಸ್ಟಾಫೀಸಿನಲ್ಲಿ ಲೈಸೆನ್ಸು ಮಾಡಿಸಿದ, ಎಲ್ಲ ಕಾನೂನಿನ ಪ್ರಕಾರ. ಆದರೆ ಆ ಕಡೆಯ ಸುದ್ದಿ, ಆ ಕಡೆಯ ಹಾಡು ನಮ್ಮ ಮನೆಯಿಂದ ಓಣಿಗೆ ಕೇಳಿಸಿದರೆ ಜನ ಏನನ್ನುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು.

ಅದಕ್ಕೆ ಅವನು ಕಂಡುಕೊಂಡ ದಾರಿ ಹತ್ತಿಯದೇ. ಸಂಜೆ ಮೈ ತೊಳೆದುಕೊಂಡು ಹತ್ತಿ ಕೋಣೆಗೆ ಹೋಗಿ, ಹಿಂಜಿದ ಹತ್ತಿಯ ರಾಶಿಯಲ್ಲಿ ಟ್ರಾನ್ಸಿಸ್ಟರ್ ಹುದುಗಿಸಿ, ಅದರ ಮೇಲೆ ಎಡಗಿವಿಯಿಟ್ಟು ಮಲಗುತ್ತಿದ್ದ. ಬಾಗಿಲಲ್ಲಿ ನಿಂತವರಿಗೂ ಏನೂ ಕೇಳಿಸದು. ನಿದ್ದೆ ಮಾಡುತ್ತಿದ್ದಾನೆ ಎಂದೇ ಅನಿಸುವುದು. ಅತ್ತೆಯ ಹೆಸರು ಬಂದ ದಿನ ಎದ್ದು ಬಂದು ಅವ್ವನಿಗೆ “ಅದಾಳ” ಎಂದಷ್ಟೇ ಹೇಳಿ ಊಟಕ್ಕೆ ಕೂಡುತ್ತಿದ್ದ. ಹೆಸರು ಬಾರದ ದಿನ ಏನೂ ಹೇಳುತ್ತಿರಲಿಲ್ಲ. ಇದು ಮನೆಯಲ್ಲಿದ್ದ ನಮ್ಮ ಮೂವರಿಗಲ್ಲದೆ ಮತ್ತೊಬ್ಬರಿಗೆ ಗೊತ್ತಿರಲಿಲ್ಲ.

ಎಪ್ಪತ್ತೊಂದರ ಮಳೆಗಾಲ ಮುಗಿಯುವಾಗ ನನಗೆ ತಿಕೋಟಾದ ಹುಡುಗನನ್ನು ಗೊತ್ತು ಮಾಡಿದರು. ಮಾಸ್ತರಿಕೆಯ ಟ್ರೇನಿಂಗ್ ಮುಗಿಸಿ, ಸರಕಾರಿ ಸಾಲೆಯ ಆರ್ಡರಿಗಾಗಿ ಕಾಯುತ್ತಿದ್ದ ಹುಡುಗ. ನಮ್ಮ ಪೈಕಿ ಮಾಸ್ತರ ಅಳಿಯ ಸಿಕ್ಕರೆ ಸಣ್ಣ ಮಾತೇ? ಅವ್ವ ಓಣಿಯ ತುದಿಯವರೆಗೂ ಸಕ್ಕರೆ ಹಂಚಿದಳು. ಅದಾಗಿ ರಂಜಾನ್ ತಿಂಗಳು ಹಿಡಿಯಿತು. ಆ ತಿಂಗಳ ಮೊದಲ ಐತವಾರ ರೋಜಾ ಬಿಡುವ ಹೊತ್ತಿಗೆ ಸರಿಯಾಗಿ ಹುಡುಗನೇ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಒಂದು ಚೀಲ ಹಸಿ ಶೇಂಗಾ.

“ದಾರ್ಯಾಗ ಕೆಲಸಿತ್ರಿ. ಹೊತ್ತ ಆತು, ರೋಜಾ ಇಲ್ಲೇ ಬಿಟ್ಟ ಹೋಗೋಣಂತ ಬಂದೆ” ಎಂದರು ನಮ್ಮವರು, ನೆಲ ನೋಡುತ್ತ.

ಅವ್ವ ನನ್ನನ್ನು ಅಡುಗೆಮನೆಗೆ ನೂಕಿದಳು. ಅಪ್ಪ ಗಾದಿಯ ಮೇಲಿನ ಹತ್ತಿ ಕೊಡವಿ, “ಬಾರಪಾ, ಬಾ. ಕುಂಡ್ರು” ಎಂದ.

ಎದುರು ಮನೆಯ ಕಾಕೂ ಅವತ್ತು ಮಜ್ಜಿಗೆ ಕೊಡಲು ಬಂದಿದ್ದಳು. ಕಾಕೂ ಅಂದರೆ ಲಿಂಗಾಯತರ ಮನೆಯ ಗಂಡ ಸತ್ತ ಹೆಣ್ಣುಮಗಳು. ಎಮ್ಮೆ ಕಟ್ಟಿದ್ದಳು. ನಾನು ಹುಟ್ಟಿದಾಗ ಅವ್ವನ ಬಾಣಂತನ ಮಾಡಿದವಳೇ ಅವಳು. ಒಳಗೆ ಬಂದು ನನ್ನ ಗಲ್ಲ ಹಿಡಿದು, “ಏನ ಮದ್ದ ಹಾಕೀಯಬೇ ಅವಂಗ? ದಮ್ಮ ಹಿಡಿಯಾಕ ಆಗವಲ್ದು ನೋಡು” ಎಂದಳು. ನಾನು ಅವಳ ಕೈ ಕೊಡವಿದೆ. ಒಳಗೊಳಗೆ ಹಾರಾಡುತ್ತಿದ್ದೆ.

ಮುಂದಿನ ಐತವಾರ ಬಂದರು. ಅದರ ಮುಂದಿನದಕ್ಕೂ ಬಂದರು. ರಂಜಾನ್ ಹಬ್ಬ ಕಳೆದ ಮೇಲೂ ಬಂದರು. ತಿಕೋಟಾದ ಹಿರಿಯರೇ ಸಂಕೋಚಪಟ್ಟುಕೊಂಡು, ನಾವಂತೂ ಕಳಿಸಿಲ್ಲ, ಈ ಹುಡುಗನಿಗೆ ಏನಾಗಿದೆಯೋ ಎಂದು ಹೇಳಿ ಕಳಿಸಿದರು. ಅಪ್ಪ, ಇರಲಿ ಬಿಡ್ರಿ, ಈಗಿನ ಕಾಲದ ಹುಡುಗರು ಅಂದ. ನಮ್ಮಂಥವರ ಮನೆಯಲ್ಲಿ ಯಾವ ಅಪ್ಪನೂ ಅನ್ನದ ಮಾತು ಅದು. ಆಗ ನನಗದು ಹೊಳೆಯಲಿಲ್ಲ.

ನನ್ನ ಅವತಾರ ಹೇಳುತ್ತೇನೆ ಕೇಳಿ. ಶನಿವಾರವೇ ತಲೆಗೆ ಸೀಗೆಕಾಯಿ. ಐತವಾರ ಮಧ್ಯಾಹ್ನದಿಂದ ಸುರಮಾ ಹಚ್ಚುವುದು, ಕಣ್ಣೀರು ಬರುವುದು, ಒರೆಸಿ ಮತ್ತೆ ಹಚ್ಚುವುದು. ಹಬ್ಬಕ್ಕೆಂದು ತಂದ ಗುಲಾಬಿ ಸೀರೆಯನ್ನು ಅವ್ವನ ಕಣ್ಣು ತಪ್ಪಿಸಿ ಉಡುತ್ತಿದ್ದೆ. ಅವ್ವ ಕಂಡರೂ ಕಾಣದಂತಿರುತ್ತಿದ್ದಳು. ಸೂಸಲ ಮಾಡಿದರೆ ಚುರುಮುರಿ ಮೆತ್ತಗಾಗದ ಹಾಗೆ ಬಸ್ಸಿನ ಹೊತ್ತು ನೋಡಿ ನೆನೆ ಹಾಕುತ್ತಿದ್ದೆ. ಆಮೇಲೆ ಅಡುಗೆಮನೆಯ ಪರದೆಯ ಸಂದಿಯಲ್ಲಿ ನಿಂತು ನೋಡುವುದು. ಅವರು ಒಮ್ಮೆಯೂ ಪರದೆಯ ಕಡೆ ಕಣ್ಣೆತ್ತುತ್ತಿರಲಿಲ್ಲ. ಜಂತಿ ನೋಡುತ್ತಿದ್ದರು, ಹತ್ತಿ ಕೋಣೆಯ ಬಾಗಿಲು ನೋಡುತ್ತಿದ್ದರು, ಅಪ್ಪನನ್ನು ನೋಡುತ್ತಿದ್ದರು. ಎಂಥ ಮರ್ಯಾದಸ್ಥ ಹುಡುಗ ಎಂದು ನಾನು ಸೋತು ಸುಣ್ಣವಾಗುತ್ತಿದ್ದೆ. ಗೆಳತಿಯರ ಮುಂದೆ, ನಿಮ್ಮ ನಿಮ್ಮ ಗಂಡಂದಿರು ಮದುವೆಗೆ ಮುಂಚೆ ಒಂದು ಸಲವಾದರೂ ಬಂದಿದ್ದರೇನು ಎಂದು ಕೇಳಿದ್ದೂ ಇದೆ. ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೂ ಬರೆದಿದ್ದೇನೆ.

ಅಷ್ಟರಲ್ಲಿ ಯುದ್ಧ ಹತ್ತಿತು. ನಮ್ಮೂರಿಗೆ ವಿಮಾನ ಬರುವ ಮಾತೇ ಇರಲಿಲ್ಲ. ಆದರೂ ಪೇಟೆಯಲ್ಲಿ ಕಂದೀಲಿನ ಗಾಜಿಗೆ ಕಾಗದ ಅಂಟಿಸುವ ಉಮೇದು ಏನು, ಸಂಜೆಗೇ ಅಂಗಡಿ ಮುಚ್ಚುವ ಗಡಿಬಿಡಿ ಏನು. ಆಗ್ರಾದ ತಾಜಮಹಲಿಗೆ ಬಟ್ಟೆ ಹೊದಿಸಿದ ಸುದ್ದಿ ಪೇಪರಿನಲ್ಲಿ ಓದಿ, ಗೋಳಗುಮ್ಮಟಕ್ಕೆ ಗವಸಣಿಗೆ ಹೊಲಿಯಲು ಎಷ್ಟು ಬಟ್ಟೆ ಬೇಕಾದೀತು ಎಂದು ಅಪ್ಪನನ್ನೇ ಕೇಳಿದ ಗಿರಾಕಿಯೂ ಇದ್ದ. ಅಪ್ಪ ನಕ್ಕ. ಕರಾಚಿಯ ಬಂದರಿಗೆ ಬೆಂಕಿ ಬಿದ್ದು ಆಕಾಶ ಕೆಂಪಾಗಿದೆ ಎಂದು ಪೇಟೆಯ ರೇಡಿಯೋ ಹೇಳಿದ ದಿನ ಅಂಗಡಿಯ ಮುಂದೆ ಜನ ಕೈ ಕೈ ತಟ್ಟಿಕೊಂಡರು. ಒಬ್ಬ ಅಪ್ಪನ ಮುಖ ನೋಡುತ್ತ, “ಛಲೋ ಆತಲ್ಲ ಸಾಹುಕಾರ?” ಎಂದ. “ಭಾಳ ಛಲೋ ಆತು” ಎಂದು ಅಪ್ಪ ಗಾದಿಗೆ ಸೂಜಿ ಹಾಕಿದ. ಅವತ್ತು ಸಂಜೆ ಅವನು ಹತ್ತಿ ಕೋಣೆಯಿಂದ ಬಹಳ ಹೊತ್ತು ಏಳಲಿಲ್ಲ. ಎದ್ದು ಬಂದವನು ಏನೂ ಹೇಳಲಿಲ್ಲ.

ಯುದ್ಧದ ನಡುವೆಯೂ ಐತವಾರದ ಅಳಿಯ ತಪ್ಪಲಿಲ್ಲ. ಸುಟ್ಟು ತಿನ್ನುವ ಸೀತನಿಯ ಎಳೆ ಜೋಳದ ತೆನೆ ತಂದಿದ್ದರು. ಅದಾದ ಎರಡು ಮೂರು ದಿನಕ್ಕೆ ಬೆಳಿಗ್ಗೆ ನಮ್ಮ ಅಂಗಡಿಗೆ ಪೊಲೀಸರು ಬಂದರು. ಇಬ್ಬರು ಖಾಕಿಯವರು, ಒಬ್ಬ ಸಾದಾ ಬಟ್ಟೆಯವ. ಸಾದಾ ಬಟ್ಟೆಯವನು ಪೆಟ್ಟಿಗೆ ತೆಗೆಯಲಿಲ್ಲ, ಹಾಸಿಗೆ ಕೊಡವಲಿಲ್ಲ, ಅಡುಗೆಮನೆಗೆ ಇಣುಕಲಿಲ್ಲ. ನೇರ ಹತ್ತಿ ಕೋಣೆಗೆ ಹೋಗಿ, ಹಿಂಜಿದ ರಾಶಿಯೊಳಗೆ ಮೊಣಕೈಯವರೆಗೆ ಕೈ ಹಾಕಿ ಟ್ರಾನ್ಸಿಸ್ಟರ್ ಎತ್ತಿದ. ಬಾಗಿಲಲ್ಲಿ ಓಣಿಯೇ ನೆರೆದಿತ್ತು. ಅಪ್ಪ ಅಂಗಿ ಹಾಕಿಕೊಳ್ಳುತ್ತೇನೆ ಎಂದ. ನಡಿ, ಹಾಂಗ ನಡಿ ಎಂದರು. ಬನಿಯನ್ನಿನ ಮೇಲೆ, ಮೈತುಂಬ ಹತ್ತಿ ಮೆತ್ತಿಕೊಂಡು, ಅಪ್ಪ ಅವರ ನಡುವೆ ನಡೆದುಹೋದ. ನನಗೆ ಆ ಹೊತ್ತಿನಲ್ಲಿ ಅಪ್ಪನಿಗೇನಾದೀತೋ ಎಂಬ ಭಯವಾಗಲಿಲ್ಲ, ಆ ಬನಿಯನ್ನಿನದೇ ಅವಮಾನವಾಯಿತು. ಇಂಥ ಹೊತ್ತಿನಲ್ಲೂ ಮನಸ್ಸು ಎಂಥದಕ್ಕೆ ಜೋತು ಬೀಳುತ್ತದೆ ನೋಡಿ.

ಸಂಜೆಗೆ ಬಿಟ್ಟರು. ಹೊಡೆದಿರಲಿಲ್ಲ. ದಿನವಿಡೀ ಬೆಂಚಿನ ಮೇಲೆ ಕೂರಿಸಿ, ಕೇಳಿದ್ದನ್ನೇ ಕೇಳಿದ್ದರು. ಲೈಸೆನ್ಸು ಇತ್ತು, ಅತ್ತೆಯ ಹೆಸರಿನ ಹೊರತು ಹೇಳುವಂಥ ಗುಟ್ಟೇನೂ ಅವನಲ್ಲಿರಲಿಲ್ಲ. ಟ್ರಾನ್ಸಿಸ್ಟರ್ ಮಾತ್ರ ಯುದ್ಧ ಮುಗಿಯುವವರೆಗೆ ಅಲ್ಲೇ ಇರಲಿ ಎಂದಿದ್ದರು. ಮನೆಗೆ ಬಂದವನಿಗೆ ಅವ್ವ ಬಿಸಿ ನೀರು ಹಾಕಿದಳು. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಹತ್ತಿಯಲ್ಲಿದ್ದದ್ದು ಹೇಳಿದವರು ಯಾರು?

ಅವ್ವ ಉತ್ತರ ಹುಡುಕಲು ದೂರ ಹೋಗಲಿಲ್ಲ. ದಿನಾ ನಮ್ಮ ಮನೆಯ ಒಳಗಿನವರೆಗೂ ಬರುತ್ತಿದ್ದ ಹೊರಗಿನವಳು ಒಬ್ಬಳೇ, ಎದುರು ಮನೆಯ ಕಾಕೂ. ಮರುದಿನ ಕಾಕೂ ಮಜ್ಜಿಗೆ ತಂದಾಗ ಅವ್ವ ಆ ಚರಿಗೆಯನ್ನು ಅವಳ ಕಣ್ಣೆದುರೇ ಗಟಾರಕ್ಕೆ ಸುರಿದಳು.

“ಏನಾತಬೇ ನಿನಗ?” ಎಂದಳು ಕಾಕೂ.

“ನಿನ್ನ ಮಜ್ಜಿಗಿ ಠಾಣೇದಾಗ ಕೊಡು ಹೋಗು. ಅಲ್ಲಿ ನಿನಗ ಮಂದಿ ಅದಾರ” ಎಂದಳು ಅವ್ವ.

ಕಾಕೂ ಬಾಯಿ ಮಾಡುವವಳು. ಅವತ್ತು ಮಾಡಲಿಲ್ಲ. ಖಾಲಿ ಚರಿಗೆ ಹಿಡಿದು ಹೋದಳು, ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅಪ್ಪ ಇದನ್ನೆಲ್ಲ ನೋಡುತ್ತ ಕೂತಿದ್ದ, ಬೇಡ ಅನ್ನಲಿಲ್ಲ.

ಯುದ್ಧ ಮುಗಿದು ನಾವು ಗೆದ್ದ ದಿನ ಅಪ್ಪ ಬುಟ್ಟಿ ತುಂಬ ಪೇಢೆ ತರಿಸಿ ಅಂಗಡಿಯ ಮುಂದೆ ನಿಂತು ಹಂಚಿದ. ಗೆದ್ದದ್ದಕ್ಕೆ ಅವನಿಗೆ ಸಂತೋಷವಾಗಿರಲಿಲ್ಲ ಎಂದಲ್ಲ. ಅವನೂ ಈ ಮಣ್ಣಿನವನೇ. ಆದರೆ ಸಂತೋಷಕ್ಕೆ ಅಷ್ಟು ದೊಡ್ಡ ದನಿ ಬೇಕಾಗಿರಲಿಲ್ಲ. ಒಬ್ಬರನ್ನೂ ಬಿಡದೆ ಕರೆದು, ಕೈಗೆ ತುರುಕಿ, ನಕ್ಕು, ಇನ್ನೊಂದು ತಗೋರಿ ಎಂದು ಗೋಗರೆಯುತ್ತಿದ್ದ. ಬನಿಯನ್ನಿನಲ್ಲಿ ಅವನನ್ನು ನಡೆಸಿಕೊಂಡು ಹೋದದ್ದನ್ನು ನೋಡಿದವರೇ ಪೇಢೆ ತಿಂದು ಬೆನ್ನು ತಟ್ಟಿದರು. ನಾನು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ.

ಐತವಾರದ ಭೇಟಿಗಳು ಅಲ್ಲಿಗೆ ನಿಂತವು. ಮದುವೆ ಹತ್ತಿರ ಬಂತಲ್ಲ, ದೊಡ್ಡವರು ಬೈದಿರಬೇಕು ಎಂದಳು ಅವ್ವ. ನಾನೂ ಹಾಗೇ ಅಂದುಕೊಂಡೆ. ಅಷ್ಟರಲ್ಲಿ ಅವರಿಗೆ ಬಬಲೇಶ್ವರದ ಸಾಲೆಗೆ ಆರ್ಡರೂ ಬಂತು. ಬೇಸಿಗೆಯಲ್ಲಿ ಮದುವೆಯಾಯಿತು. ಸಾಲೆ ಶುರುವಾಗುವ ಹೊತ್ತಿಗೆ ಬಬಲೇಶ್ವರದಲ್ಲಿ ಒಂದು ಬಾಡಿಗೆ ಮನೆ ಹಿಡಿದು ನನ್ನನ್ನು ಕರೆದುಕೊಂಡು ಹೋದರು. ಒಳ್ಳೆಯ ಗಂಡ. ದನಿ ಎತ್ತರಿಸುವವರಲ್ಲ, ನೀರು ತಾವೇ ತುಂಬಿ ತರುತ್ತಿದ್ದರು. ಒಂದೇ ಒಂದು ವಿಚಿತ್ರ, ಆ ಐತವಾರಗಳ ಮಾತೆತ್ತಿ ನಾನು ಕಾಡಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಎಷ್ಟು ಸಂಕೋಚ ಈ ಮನುಷ್ಯನಿಗೆ ಎಂದು ಇನ್ನಷ್ಟು ಕಾಡುತ್ತಿದ್ದೆ.

ನಮ್ಮಲ್ಲಿ ಮದುವೆಯಾದ ಮೇಲೆ ಐದು ಶುಕ್ರವಾರ ಅಳಿಯನನ್ನು ಮಾವನ ಮನೆಗೆ ಕರೆದು ಉಣಿಸುತ್ತಾರೆ. ಜುಮ್ಮಗಿ ಅನ್ನುತ್ತೇವೆ. ಕೊನೆಯ ಜುಮ್ಮಗಿಗೆ ಅಳಿಯನಿಗೆ ಬಟ್ಟೆ ಕೊಡಬೇಕು, ಮಾವ ತನ್ನ ಕೈಯಿಂದ ಮೊದಲ ತುತ್ತು ತಿನ್ನಿಸಬೇಕು. ನಮ್ಮ ಕೊನೆಯ ಜುಮ್ಮಗಿ ಉಳಿದಿತ್ತು. ಆ ವಾರದ ನಡುವೆ ಒಂದು ಸಂಜೆ ಬಬಲೇಶ್ವರದ ಮನೆಗೆ ಒಬ್ಬ ಮನುಷ್ಯ ಬಂದ. ನಮ್ಮವರ ಮುಖ ಕಪ್ಪಿಟ್ಟಿತು. ನನಗೆ ಚಹಾ ಇಡಲು ಹೇಳಿದರು. ನಾನು ಒಳಗಿನಿಂದ ಇಣುಕಿದೆ. ನಮ್ಮ ಹತ್ತಿಯೊಳಗೆ ಮೊಣಕೈಯವರೆಗೆ ಕೈ ಹಾಕಿದ್ದ ಆ ಸಾದಾ ಬಟ್ಟೆಯವನೇ.

ಬಂದವನು ಕೆಟ್ಟದ್ದೇನೂ ಮಾತಾಡಲಿಲ್ಲ. ಈ ಕಡೆ ಬೇರೆ ಕೆಲಸಕ್ಕೆ ಬಂದಿದ್ದನಂತೆ, ಗುರುತಿನವರ ಮನೆ ಎಂದು ಹೊಕ್ಕನಂತೆ. ಚಹಾ ಹೀರುತ್ತ ಹೇಳಿದ, “ನಿಮ್ಮ ಕಾಗದ ನಾನ ಮುಂದ ದೂಡೀನಿ ನೋಡ್ರಿ ಮಾಸ್ತರ. ಬ್ಯಾರೇ ಮಂದಿ ಆಗಿದ್ರ ಆ ಸಂಬಂಧ ನೋಡಿ ಆರ್ಡರ್ ನಿಲ್ಲಿಸಿಬಿಡ್ತಿದ್ರು. ನೀವೂ ಪ್ರತಿ ಐತವಾರದ ಸುದ್ದಿ ತಪ್ಪದ ಬಂದು ಹೇಳಿದ್ರಿ, ಅದನ್ನ ಇಲ್ಲ ಅನ್ನಾಂಗಿಲ್ಲ. ಆ ಹತ್ಯಾಗಿನ ರೇಡಿಯೋ ನಮಗ ಜಲ್ಮದಾಗ ಸಿಗತಿರಲಿಲ್ಲ.”

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಅವನು ಹೋದ ಮೇಲೆ ನಮ್ಮವರು ತಾವೇ ಒಳಗೆ ಬಂದು ಗೋಡೆಗೆ ಒರಗಿ ಕೂತರು. ನಾನು ಕೇಳುವ ಮುಂಚೆಯೇ ಹೇಳತೊಡಗಿದರು.

“ನೌಕರಿ ತಪಾಸಣಾಕ್ಕ ಕರಸಿದ್ರು. ನಿನ್ನ ಮಾವನಾಗಾವ್ನ ತಂಗಿ ಕರಾಚ್ಯಾಗ ಅದಾಳ, ಸಂಬಂಧ ಬಿಡು, ಇಲ್ಲಾ ಆ ಮನ್ಯಾಗ ಏನ ನಡದೈತಿ ನೋಡಿ ಹೇಳು ಅಂದ್ರು. ಬಿಡಾಕ ಮನಸ್ ಬರಲಿಲ್ಲ.”

“ಮತ್ತ ರೇಡಿಯೋ?”

“ಎಲ್ಲಾ ಐತವಾರ ಏನೂ ಇಲ್ಲ, ಏನೂ ಇಲ್ಲ ಅಂತ ಹೇಳಿದೆ. ನಂಬಲಿಲ್ಲ. ಏನೂ ಕಾಣವಲ್ದು ಅಂದ್ರ ನೀನೂ ಅವರ ಕೂಡೇನ ಅದಿ ಅಂದ್ರು. ನಿಮ್ಮಪ್ಪ ಜಳಕಾ ಮಾಡಿ ಬಂದ ಮ್ಯಾಲೂ ಎಡಗಿವೀಗಷ್ಟ ಹತ್ತಿ ಇರತಿತ್ತು. ಹತ್ಯಾಗ ಕಿವಿ ಇಟ್ಟು ಏನೋ ಕೇಳತಾರ ಅಂತ ತಿಳೀತು. ಲೈಸೆನ್ಸ್ ಐತಿ, ಏನೂ ಆಗೂದಿಲ್ಲ ಅಂತ ಅದೊಂದ ಹೇಳಿದೆ.”

ನನಗೆ ಸಿಟ್ಟು ಬರಬೇಕಿತ್ತು. ಸಣ್ಣ ಸಣ್ಣದಕ್ಕೆ ಪಾತ್ರೆ ಎಸೆಯುವ ಹೆಣ್ಣು ನಾನು. ಬಂದದ್ದು ನಾಚಿಕೆ. ಕಣ್ಣ ಮುಂದೆ ಬಂದದ್ದು ಪೊಲೀಸ್ ಠಾಣೆಯಲ್ಲ, ನಾನೇ. ಸುರಮಾ ಹಚ್ಚಿ, ಗುಲಾಬಿ ಸೀರೆ ಉಟ್ಟು, ಪರದೆಯ ಸಂದಿಯಲ್ಲಿ ಒಂದು ಕಣ್ಣು ಇಟ್ಟು ನಿಂತ ಹುಡುಗಿ. ಅವರು ಜಂತಿ ನೋಡುತ್ತಿದ್ದರು, ಬಾಗಿಲು ನೋಡುತ್ತಿದ್ದರು, ಅಪ್ಪನ ಕಿವಿ ನೋಡುತ್ತಿದ್ದರು, ಮತ್ತು ನಾನು ಅಲ್ಲಿ ನಿಂತು ಉಬ್ಬುತ್ತಿದ್ದೆ. ಕಿವಿಯಿಂದ ಕುತ್ತಿಗೆಯವರೆಗೆ ಬಿಸಿಯಾಯಿತು. ಆ ಸೀರೆ ಟ್ರಂಕಿನಲ್ಲಿತ್ತು. ತೆಗೆದು ಒಲೆಗೆ ಹಾಕಬೇಕೆನಿಸಿತು, ಹಾಕಲಿಲ್ಲ. ಸುಟ್ಟರೆ ಯಾಕೆ ಸುಟ್ಟೆ ಎಂದು ಯಾರಿಗಾದರೂ ಹೇಳಬೇಕಾಗುತ್ತದಲ್ಲ. ಎರಡು ದಿನ ನಾವು ಮಾತಾಡಲಿಲ್ಲ. ನನ್ನ ಸಲುವಾಗಿ ಒಂದು ಸಲವಾದರೂ ಬಂದಿದ್ದರೇ? ಆ ಪ್ರಶ್ನೆ ಹಲ್ಲಿನಲ್ಲಿ ಸಿಕ್ಕ ನಾರಿನ ಹಾಗೆ ನನ್ನನ್ನು ಬಿಡಲಿಲ್ಲ. ಅಪ್ಪನಿಗೆ ಎಲ್ಲ ಹೇಳಿ, ಈ ಮನುಷ್ಯನ ಮನೆ ನನಗೆ ಬೇಡ ಎಂದು ಅಲ್ಲೇ ಉಳಿದುಬಿಡಬೇಕು ಎಂದು ನಿಶ್ಚಯಿಸಿ ಶುಕ್ರವಾರ ಅವರ ಜೊತೆಗೇ ವಿಜಾಪುರದ ಬಸ್ಸು ಹತ್ತಿದೆ.

ಮನೆ ತುಂಬ ನೆಂಟರು. ಅವ್ವ ಬಿರಿಯಾನಿಗೆ ಇಟ್ಟಿದ್ದಳು. ನಾನು ಅಪ್ಪನನ್ನು ಹತ್ತಿ ಕೋಣೆಗೆ ಕರೆದೆ. ಅವನು ಅಳಿಯನಿಗೆ ಕೊಡಲು ಹೊಲಿದ ಹೊಸ ಗಾದಿಯ ಅಂಚು ತಿದ್ದುತ್ತಿದ್ದ. ಠಾಣೆಯಿಂದ ಬಂದ ಟ್ರಾನ್ಸಿಸ್ಟರ್ ಗೂಡಿನಲ್ಲಿ ಧೂಳು ಹಿಡಿದು ಕೂತಿತ್ತು. ಅದು ಮರಳಿ ಬಂದ ಮೇಲೆ ಅವನು ಅದರಲ್ಲಿ ಆ ಕಡೆಯ ಸ್ಟೇಷನ್ ಹಚ್ಚಿರಲಿಲ್ಲ. ಅತ್ತೆಯ ಹೆಸರು ಮತ್ತೆ ಬಂತೋ ಇಲ್ಲವೋ ನಮಗೆ ಯಾರಿಗೂ ಗೊತ್ತಿಲ್ಲ.

“ಅಪ್ಪಾ, ರೇಡಿಯೋದ್ದು ಯಾರ ಹೇಳಿದ್ರು ಅಂತ ನನಗ ಗೊತ್ತಾತು” ಎಂದೆ.

ಅಪ್ಪ ಸೂಜಿ ನಿಲ್ಲಿಸಲಿಲ್ಲ. “ನನಗ ಆವಾಗಿಂದ ಗೊತ್ತೈತಿ” ಎಂದ.

ನಾನು ಬಾಗಿಲು ಮುಚ್ಚಿ ಬಂದು ಅವನೆದುರು ಕೂತೆ.

“ಎರಡನೇ ಐತವಾರದ ಮರುದಿನ ಇಟ್ಟಂಗಿಹಾಳದಿಂದ ಬರಾಕತ್ತಿದ್ದೆ. ಬಸ್‌ಸ್ಟ್ಯಾಂಡಿನ ಚಾದಂಗಡ್ಯಾಗ ಇಬ್ಬರೂ ಕುಂತಿದ್ರು, ಇಂವ ಮತ್ತ ಆ ಸಾದಾ ಬಟ್ಟೀಯಂವ. ಅಂವ ಪೊಲೀಸರಂವ ಅಂತ ಪ್ಯಾಟ್ಯಾಗ ಎಲ್ಲಾರಿಗೂ ಗೊತ್ತು. ಸಕ್ಕರಿ ಹಂಚಿದ ಹುಡುಗ ರೀತಿ ಬಿಟ್ಟು ಯಾಕ ಬರತಾನ ಅಂತ ಅವತ್ತ ತಿಳೀತು.”

“ಗೊತ್ತಿದ್ದೂ ಬಾ ಬಾ ಅಂದಿ?”

“ಇಂವ ಅಲ್ಲದಿದ್ರ ಇನ್ನೊಬ್ಬನ್ನ ಕ‍ಳಸ್ತಿದ್ರು. ಆ ಇನ್ನೊಬ್ಬಂವ ಕಂಡದ್ದರ ಮ್ಯಾಲ ಹತ್ತು ಸೇರಿಸಿ ಹೇಳ್ತಿದ್ದ. ಇಂವಗ ನಿನ್ನ ಮ್ಯಾಲ ಮನಸೈತಿ, ಮಾವನ್ನ ಜೇಲಿಗೆ ಹಾಕಸೂದಿಲ್ಲ ಅನ್ನೋ ಧೈರ್ಯ ಇತ್ತು.” ಹೊಲಿಗೆ ಎಳೆಯುತ್ತ ಹೇಳಿದ, “ರೇಡಿಯೋ ಬ್ಯಾರೇ ಕಡೆ ಬಚ್ಚಿಡಬಹುದಿತ್ತು. ಆದ್ರ ತಂಗಿ ಹೆಸರ ಬರತೈತೇನಂತ ಕೇಳೂದು ಬಿಡಾಕಾಗಲಿಲ್ಲವ್ವಾ.”

“ನಾ ಸೀರಿ ಉಟಗೊಂಡು ನಿಲ್ಲೂದು ನೀ ನೋಡತಿದ್ದಿ. ನನಗ ಒಂದ ಮಾತ ಹೇಳಲಿಲ್ಲ.”

ಅಪ್ಪನ ಕೈ ಈಗ ನಿಂತಿತು. “ನೀ ಹಾಂಗ ನಿಂತದ್ದಕ್ಕ ಅಂವ ಬರೂದು ಮಂದೀಗೆ ಸಹಜ ಕಂಡತು” ಎಂದ. ನನ್ನ ಕಡೆ ನೋಡಲಿಲ್ಲ. ನಮ್ಮವರಿಗೆ ಬರಲು ನಾನು ನೆಪ, ಅಪ್ಪನಿಗೆ ಬರಗೊಡಲು ನಾನು ನೆಪ. ಅಪ್ಪನಿಗೆ ಅದು ಎಷ್ಟು ಚುಚ್ಚುತ್ತಿತ್ತು ಎಂಬುದು ಅವನ ಬಗ್ಗಿದ ಕುತ್ತಿಗೆಯಲ್ಲೇ ಕಾಣುತ್ತಿತ್ತು. ಆದರೂ ನಾನು ಬಿಡಲಿಲ್ಲ.

“ಎದರ ಮನಿ ಕಾಕೂ?”

ಅಪ್ಪ ಸೂಜಿಯನ್ನು ಗಾದಿಯ ಅಂಚಿಗೆ ಚುಚ್ಚಿಟ್ಟ. “ನಿಮ್ಮವ್ವಗ ಯಾರಾರ ಒಬ್ಬರು ಬೇಕಾಗಿದ್ರು. ಕಾಕೂ ಅಲ್ಲ ಅಂದಿದ್ರ ಯಾರು ಅಂತ ಹೇಳಬೇಕಾಗತಿತ್ತು” ಎಂದ. ಆಮೇಲೆ ನನ್ನ ಮೊಣಕೈ ಹಿಡಿದ. “ನನಗ ಗೊತ್ತೈತಿ ಅಂತ ಅವಂಗ ಹೇಳಬ್ಯಾಡವ್ವಾ. ಮಾವಗ ಗೊತ್ತಿಲ್ಲ ಅನ್ನೂದೊಂದರ ಮ್ಯಾಲ ಅಂವ ಈ ಮನಿಗೆ ಬರತಾನ. ಗೊತ್ತಾತಂದ್ರ ಬರೂದಿಲ್ಲ. ನೀ ಏನ ಮಾಡ್ತಿ ಮಾಡು, ನಾ ಒತ್ತಾಯ ಮಾಡೂದಿಲ್ಲ. ಇರತೀನಂದ್ರ ಇರು.”

ಅಷ್ಟರಲ್ಲಿ ಅವ್ವ ಕೂಗಿದಳು. ಊಟದ ದಸ್ತರಖಾನು ಹಾಸಿದ್ದರು. ಅಪ್ಪ ಹೋಗಿ ಅಳಿಯನ ಪಕ್ಕ ಕೂತು, ಒಳ್ಳೆಯ ತುಂಡು ಆರಿಸಿ ತುತ್ತು ಮಾಡಿ ಬಾಯಿಗಿಟ್ಟ. ನಮ್ಮವರು ತಲೆ ಎತ್ತಲಿಲ್ಲ. ಆ ತುತ್ತು ಅವರ ಗಂಟಲಲ್ಲಿ ಇಳಿಯದೆ ಕಣ್ಣಲ್ಲಿ ನೀರು ಬಂತು. “ಐದ ಜುಮ್ಮಗಿ ಆದ್ರೂ ನಮ್ಮ ಅಳ್ಯಾನ ಸಂಕೋಚ ಹೋಗಲಿಲ್ಲ ನೋಡ್ರಿ” ಎಂದಳು ಅವ್ವ. ನೆಂಟರೆಲ್ಲ ನಕ್ಕರು. ನಾನು ಅವರಿಗೆ ನೀರು ಕೊಟ್ಟೆ. ಅಲ್ಲೇ ಉಳಿಯುತ್ತೇನೆ ಎಂದು ಬಂದವಳು ಎಲ್ಲರೂ ಉಂಡ ಮೇಲೆ ನನ್ನ ಗಂಟು ಕಟ್ಟಿಕೊಂಡೆ. ಉಳಿದರೆ ಯಾಕೆ ಉಳಿದೆ ಎಂದು ಅವ್ವನಿಗೂ ಓಣಿಗೂ ಹೇಳಬೇಕಿತ್ತು. ಅದು ಒಂದು ಕಾರಣ. ಅವರ ಕಣ್ಣಲ್ಲಿ ನೀರು ನೋಡಿದ್ದು ಇನ್ನೊಂದು. ಎರಡರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ಹೇಳಲಾರೆ. ಹೊರಡುವಾಗ ಕಾಕೂ ತನ್ನ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ನಾನು ಸೆರಗು ಮುಖಕ್ಕೆಳೆದುಕೊಂಡು ದಾಟಿ ಹೋದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ನನಗೆ ಜಾಗ ಬಿಟ್ಟು ನಮ್ಮವರು ಅಂಚಿಗೆ ಕೂತರು. ಊರು ದಾಟಿದ ಮೇಲೆ ನಾನು ಕೇಳಿದೆ.

“ಖರೇ ಹೇಳ್ರಿ. ಒಂದ ಐತವಾರರ ನನ್ನ ಸಲುವಾಗಿ ಬಂದಿದ್ರೇನು?”

ಅವರು ತಟ್ಟನೆ ಹೌದು ಅನ್ನಬಹುದಿತ್ತು. ಅದನ್ನೇ ನಾನು ಬಯಸಿದ್ದೆ. ಬಹಳ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡು, “ಮೊದಲನೇದು ಅವರು ಕಳಿಸಿದ್ದಕ್ಕ ಬಂದೆ. ಆಮ್ಯಾಲ ಶನಿವಾರ ಆತಂದ್ರ ನನಗ ನಿದ್ದಿ ಹತ್ತತಿರಲಿಲ್ಲ. ಹೆದರಿಕೀಗೋ, ನಿನ್ನ ಕೈಯಾಗಿನ ಬಳಿ ಸಪ್ಪಳಾ ಕೇಳೂ ಆಸೇಕ್ಕೋ, ನನಗ ತಿಳೀಲಿಲ್ಲ. ಇವತ್ತೂ ತಿಳಿವಲ್ದು” ಎಂದರು.

ನಾನು ಕಿಟಕಿಯ ಆಚೆ ನೋಡುತ್ತ ಕೂತೆ. ಮಳೆಯಾಗಿ ಹೊಲಗಳು ಕಪ್ಪಾಗಿದ್ದವು. ಅವರು ತೀರ ಸಣ್ಣ ದನಿಯಲ್ಲಿ ಕೇಳಿದರು.

“ನಿಮ್ಮಪ್ಪಗ ಹೇಳಿದಿ?”

“ಇಲ್ರಿ.”

“ಅವರಿಗೆ ಏನರ ಸುಳಿವು ಐತೇನು?”

“ಇಲ್ರಿ” ಎಂದೆ. ಅವರು ಇನ್ನೂ ನನ್ನ ಮುಖ ನೋಡುತ್ತಲೇ ಇದ್ದರು. ಒಂದು ಇಲ್ಲ ಸಾಲದು ಎಂದು ಅನಿಸಿ, “ಕಾಕೂನ ಹೇಳ್ಯಾಳ ಅಂತ ಅಪ್ಪನೂ ತಿಳದಾನ” ಎಂದೆ.

ನಮ್ಮವರು ಸೀಟಿಗೆ ಒರಗಿದರು. ಆಮೇಲೆ, ಅಷ್ಟು ಜನರ ನಡುವೆ, ಸೆರಗಿನ ಮರೆಯಲ್ಲಿ ನನ್ನ ಕೈ ಹಿಡಿದರು. ನಾಲ್ಕು ಜನರಿರುವಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಸಾರವಾಡದಲ್ಲಿ ಬಸ್ಸು ನಿಂತಿತು, ಜನ ಇಳಿದರು, ಜನ ಹತ್ತಿದರು, ಅವರು ಕೈ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ. ನನಗೆ ಖುಷಿಯಾಗಿತ್ತು. ಬಬಲೇಶ್ವರ ಇಷ್ಟು ಬೇಗ ಬರದಿರಲಿ ಎಂದು ಬಯಸುವಷ್ಟು ಖುಷಿಯಾಗಿತ್ತು. ಅದನ್ನು ನೆನೆದರೆ ನನಗೆ ಈಗಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.